ತವರದ ಹಠ

ಶೆಡ್ಡಿನ ಗೋಡೆಯ ಹಿಂದೆ ಹೊಸದಾಗಿ ಬಂದು ನಿಂತಿದ್ದ ಗ್ಯಾಸ್ ಸಿಲಿಂಡರನ್ನು ಅವಳು ಕಾಲಿನಿಂದ ತಳ್ಳಿ ನೋಡಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಂದರೆ ತುಂಬಿದೆ. ಅದರ ಕುತ್ತಿಗೆಯಿಂದ ಹೊರಟ ಸಣ್ಣ ಪೈಪು, ಗೋಡೆಗೆ ಕೊರೆದ ತೂತಿನೊಳಗೆ ನುಸುಳಿ, ಅವಳ ಯಂತ್ರದ ಬಾಯಿಗೇ ಹೋಗಿ ಸೇರಿತ್ತು. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಪಿತ್ತ ನೆತ್ತಿಗೇರಿತು.

ಯಂತ್ರವೆಂದರೆ ಮಹಾ ಪವಾಡವೇನಲ್ಲ. ಸಿಮೆಂಟು ಕಾರ್ಖಾನೆಯ ಚಿಮಣಿಯಿಂದ ಹೊಗೆ ಎಳೆದು, ತೊಳೆದು, ತವರದ ತಗಡುಗಳ ಮೇಲೆ ಹಾಯಿಸಿ ಕರೆಂಟು ಕೊಡಬೇಕು. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡು ಆಗ ಫಾರ್ಮಿಕ್ ಆಮ್ಲವಾಗಿ ನೀರಿಗಿಳಿಯುತ್ತದೆ. ಇರುವೆ ಕಚ್ಚಿದಾಗ ಚುರುಚುರು ಅನ್ನುವುದು ಅದೇ. ಚರ್ಮ ಹದ ಮಾಡುವವರಿಗೂ ರಬ್ಬರಿನವರಿಗೂ ಬೇಕಾದದ್ದು. ಹೇಳುವುದಕ್ಕೆ ಇಷ್ಟೇ. ಮಾಡಲು ಹೊರಟರೆ ಹೊಗೆಯಲ್ಲಿ ಅಡಗಿ ಬರುವ ಗಂಧಕ ತಗಡಿಗೆ ಮೆತ್ತಿಕೊಳ್ಳುತ್ತದೆ, ತಗಡು ಕಪ್ಪಾಗುತ್ತದೆ, ಆಮ್ಲ ನಿಂತೇಹೋಗುತ್ತದೆ. ಈ ಗಂಧಕದ ಜೊತೆ ಗುದ್ದಾಡಿಯೇ ಅವಳ ತಲೆ ಅಲ್ಲಲ್ಲಿ ನರೆತಿತ್ತು. ನಮ್ಮ ಸೊಸೆ ದಿನಾ ಬೆಳಗ್ಗೆ ತವರಿಗೆ ಹೋಗಿ ಸಂಜೆ ಗಂಡನ ಮನೆಗೆ ಬರುತ್ತಾಳೆ ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ನಗಾಡುತ್ತಿದ್ದರು.

ಈಚೆಗೆ ತವರಕ್ಕೆ ಚೂರು ತಾಮ್ರ ಬೆರೆಸಿ, ಹೊಗೆ ತೊಳೆಯುವ ರೀತಿಯನ್ನೂ ಬದಲಿಸಿದ ಮೇಲೆ ತಗಡು ಕಪ್ಪಾಗದೆ ಹಠ ಹಿಡಿದು ನಿಂತಿತ್ತು. ಒಂದೇ ತಗಡು, ವಾರಗಟ್ಟಲೆ. ಆದರೆ ಸಿಲಿಂಡರಿನ ಶುದ್ಧ ಕಾರ್ಬನ್ ಡೈಆಕ್ಸೈಡು ಕೊಟ್ಟಾಗ ಬರುವ ಆಮ್ಲದ ಅರ್ಧವೂ ಚಿಮಣಿಯ ಹೊಗೆಯಿಂದ ಬರುತ್ತಿರಲಿಲ್ಲ. ಮ್ಯಾನೇಜರಿಗೆ ತಲೆಬಿಸಿಯಾಗಿದ್ದು ಅದೇ.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ. ಈ ಶೆಡ್ಡನ್ನು ಮೇಲಿನವರ ಹತ್ತಿರ ಜಗಳವಾಡಿ ಕೊಡಿಸಿದ್ದೇ ಅವರು. ಅವಳು ನೇರ ಅವರ ಕೋಣೆಗೆ ಹೋಗಿ ಪೈಪಿನ ಮಾತೆತ್ತಿದಾಗ ಅವರು ಬಾಗಿಲು ಹಾಕಿಕೊಂಡು ವಿಷಯ ಬಿಚ್ಚಿದರು. ಕಂಪನಿಯ ದೊಡ್ಡ ಮೇಡಂ ಇನ್ನೇನು ಬರುತ್ತಾರೆ. ಆಮ್ಲದ ಮೀಟರಿನ ಮುಳ್ಳು ಅರ್ಧಕ್ಕೂ ಕೆಳಗೆ ನಿಂತದ್ದು ಕಂಡರೆ ಶೆಡ್ಡಿಗೆ ಬೀಗ, ಇಲ್ಲಿನವರೆಲ್ಲ ದಿಕ್ಕಾಪಾಲು, ಅವಳ ಇಷ್ಟು ವರ್ಷದ ಕೆಲಸ ಗುಜರಿಗೆ.

"ಒಂದು ದಿನದ ಮಟ್ಟಿಗೆ ನಿಮ್ಮ ತವರ ಒಳ್ಳೇ ಗಾಳಿ ಕುಡೀಲಿ ಬಿಡಿ. ಯಾರಪ್ಪನ ಗಂಟು ಹೋಗುತ್ತೆ?"

"ಇದನ್ನೇ ನಂಬ್ಕೊಂಡು ಅವರು ದೊಡ್ಡ ಯಂತ್ರ ಕಟ್ಟಿಸ್ತಾರೆ ಸಾರ್. ಆಗ ಅದರ ಹಿಂದೆಯೂ ಸಿಲಿಂಡರ್ ಇಡ್ತೀರಾ?"

ಆಗಿನದು ಆಗ ನೋಡಿಕೊಳ್ಳೋಣ ಎಂದು ಅವರು ಎದ್ದುಬಿಟ್ಟರು. ಹೊರಗೆ ಕಾರು ನಿಂತ ಸದ್ದಾಗಿತ್ತು.

ದೊಡ್ಡ ಮೇಡಂ ವಯಸ್ಸಾದವರು. ಜೊತೆಗೆ ಬಂದವರೆಲ್ಲ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರೆ ಅವರು ಮಾತ್ರ ಕನ್ನಡಕ ಏರಿಸಿಕೊಂಡು ಯಂತ್ರವನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಹೊರಬರುವ ನೀರಿನಲ್ಲಿ ಆಮ್ಲ ಎಷ್ಟಿದೆಯೆಂದು ತೋರಿಸುವ ಮೀಟರಿನ ಮುಳ್ಳು ಮೇಲಕ್ಕೇರಿ ಕೂತಿತ್ತು. ಮ್ಯಾನೇಜರು ಬಾಯಿಗೆ ಬಂದಷ್ಟು ಹೊಗಳಿದರು, ಅವಳನ್ನೂ ಸೇರಿಸಿ. ಹೊಗಳಿಸಿಕೊಳ್ಳುತ್ತಾ ನಿಂತಿರುವುದು ಅವಳಿಗೆ ಹಿಂಸೆಯಾಯಿತು. ಇದೇ ಸುಳ್ಳಿನ ಮುಳ್ಳಿನ ಮುಂದೆ, ಚಿಮಣಿಯ ಹೊಗೆ ಕುಡಿದು ಬದುಕಿದ ತಗಡು ಇನ್ನು ಯಾರಿಗೂ ಬೇಡವಾಗುತ್ತದಲ್ಲ ಅನ್ನಿಸಿತು.

"ಇದೆಲ್ಲ ನಮ್ಮ ಚಿಮಣಿ ಹೊಗೆಯಿಂದಲೇ ಬರ್ತಿರೋದಾ?" ದೊಡ್ಡ ಮೇಡಂ ಕೇಳಿದರು.

ಮತ್ತಿನ್ನೇನು ಎಂದು ಮ್ಯಾನೇಜರು ನಕ್ಕರು.

"ಅಲ್ಲ ಮೇಡಂ," ಅಂದಳು ಅವಳು.

ಇನ್ನೊಂದು ಮಾತಿಗೆ ಕಾಯದೆ ಗೋಡೆಯಿಂದ ಬಂದ ಪೈಪಿನ ವಾಲ್ವನ್ನು ತಿರುಗಿಸಿ ಮುಚ್ಚಿದಳು. ಸ್ಪ್ಯಾನರ್ ಹಾಕಿ ಪೈಪನ್ನೇ ಬಿಚ್ಚಿ ನೆಲಕ್ಕೆ ಬಿಟ್ಟಳು. ಆಮೇಲೆ ಚಿಮಣಿಯ ಕಡೆಯ ವಾಲ್ವನ್ನು ಪೂರ್ತಿ ತೆರೆದಳು. ಮ್ಯಾನೇಜರ ಮುಖ ಹುಳ್ಳಗಾಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಳ್ಳು ಜಾರತೊಡಗಿತು.

"ಬೀಳ್ತಾ ಇದೆಯಲ್ಲ," ಎಂದ ಫೋನು ಹಿಡಿದವನೊಬ್ಬ.

"ಬೀಳಲಿ," ಅಂದಳು.

ಮುಳ್ಳು ಅರ್ಧ ದಾಟಿ ಇನ್ನೂ ಕೆಳಗಿಳಿಯಿತು. ಇವತ್ತೇ ಕೈಕೊಟ್ಟರೆ? ಮುಳ್ಳು ಅತ್ತಿತ್ತ ನಡುಗಿ ನಿಂತಿತು. ಅದೇ ಜಾಗ, ದಿನಾ ನಿಲ್ಲುವ ಜಾಗ. ಅವಳಿಗೆ ನಾಚಿಕೆಯಾಗಲಿಲ್ಲ. ಕಷ್ಟದ ಪರೀಕ್ಷೆಯಲ್ಲಿ ಮಗಳು ಕಾಪಿ ಹೊಡೆಯದೆ ಪಾಸಾದಷ್ಟು ಹೆಮ್ಮೆಯಾಯಿತು.

"ಇಷ್ಟೇನಾ?" ಎಂದರು ದೊಡ್ಡ ಮೇಡಂ.

"ಇಷ್ಟೇ. ಆದ್ರೆ ಇದು ನಮ್ಮ ಹೊಗೆಯದು. ಮೊದಲಿನ ತಗಡೆಲ್ಲ ಬೆಳಗ್ಗೆ ಹಾಕಿದ್ರೆ ಮಧ್ಯಾಹ್ನಕ್ಕೆ ಸಾಯ್ತಿದ್ವು. ಇದು ಸಾಯಲ್ಲ."

"ಸಾಯಲ್ಲ ಅಂತ ನಾನು ಹೇಗೆ ನಂಬಲಿ?"

ಅವಳು ಮೂಲೆಯಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ದರದರ ಎಳೆದು ತಂದು ಮೀಟರಿನ ಎದುರಿಗಿಟ್ಟಳು.

"ಕೂತು ನೋಡಿ."

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಊಟ ತಯಾರಿದೆ, ಮೇಡಮ್ಮಿಗೆ ಮುಂದಿನ ಊರಿಗೆ ಹೊತ್ತಾಗುತ್ತದೆ ಎಂದೆಲ್ಲ ತಡವರಿಸಿದರು. ದೊಡ್ಡ ಮೇಡಂ ಗಡಿಯಾರ ನೋಡಿಕೊಂಡರು. ಅವಳು ಯಾರ ಮುಖವನ್ನೂ ನೋಡಲು ಹೋಗಲಿಲ್ಲ. ಬೆನ್ನು ತಿರುಗಿಸಿ, ಆಮ್ಲದ ನೀರು ತುಂಬುತ್ತಾ ಬಂದಿದ್ದ ಬಾಟಲಿಯನ್ನು ಸರಿಸಿ, ಯಂತ್ರದ ನಳಿಗೆಯ ಕೆಳಗೆ ಖಾಲಿ ಬಾಟಲಿ ಇಟ್ಟಳು. ಹನಿಗಳು ಒಂದೊಂದಾಗಿ ಬೀಳತೊಡಗಿದವು. ಹಿಂದೆ ಕಬ್ಬಿಣದ ಕುರ್ಚಿ ಕಿರ್ರೆಂದಿತು, ಯಾರೋ ಭಾರ ಬಿಟ್ಟು ಕೂತ ಸದ್ದು.