ಹನ್ನೆರಡನೆಯವಳು

ಬೆಳಗಿನಿಂದ ಹೊತ್ತು ನೆತ್ತಿಗೇರುವ ತನಕ ಬೀಸಿದರೆ ನಿಂಬೆವ್ವನಿಗೆ ಸಿಗುತ್ತಿದ್ದುದು ಬೊಗಸೆ ನುಚ್ಚು. ಗೌಡರ ವಾಡೆಯ ಜೋಳವೆಲ್ಲ ಅವಳ ಕೈಯಲ್ಲೇ ಹಿಟ್ಟಾಗುತ್ತಿತ್ತು. ಆ ಹಿಟ್ಟಿನ ರೊಟ್ಟಿಯನ್ನು ಅವಳೆಂದೂ ತಿಂದವಳಲ್ಲ. ಗಂಡ, ಮಗಳು ಇಬ್ಬರನ್ನೂ ಒಂದೇ ವಾರದಲ್ಲಿ ಕಾಲರಾ ಒಯ್ದು ಎರಡು ವರ್ಷವಾಗಿತ್ತು. ನುಚ್ಚು ಕುದಿಸಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು.

ದಿಲ್ಲಿಯಲ್ಲಿ ಸ್ವರಾಜ್ಯ ಬಂದು ಆರು ತಿಂಗಳಾಗಿದ್ದರೂ ಆಳಂದ ಸೀಮೆಯಲ್ಲಿ ಇನ್ನೂ ನಿಜಾಮರ ಆಳ್ವಿಕೆ. ಆ ಮಾಘದಲ್ಲಿ ಖಾಜಾ ಎಂಬ ಸರಕಾರಿ ಗುಮಾಸ್ತ ಬಡವರ ಲೆಕ್ಕ ಬರೆಯಲು ಊರಿಗೆ ಬಂದ. ಬಡ ಮನೆಯೆಂದು ಬರೆದುಕೊಂಡ ಮನೆಗೆ ಕಡಿಮೆ ಬೆಲೆಯ ಸೋವಿ ಜೋಳ ಕೊಡುತ್ತಾರಂತೆ. ಚಾವಡಿಯಲ್ಲಿ ಮಂದಿ ಸಾಲು ನಿಂತರು. ಗುಮಾಸ್ತನ ಪಕ್ಕದಲ್ಲೇ ಬಸವಂತರಾಯ ಗೌಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

"ನಿನ್ನಿ ಏನ್ ಉಂಡೀಯವ್ವ?" ಖಾಜಾ ಕೇಳಿದ.

ನಿಂಬೆವ್ವನ ಸರದಿ ಬಂದಿತ್ತು. ಎಷ್ಟು ದಿನದ ಮೇಲೆ ಒಬ್ಬರು ಕೇಳಿದ್ದರು!

"ನುಚ್ಚಿನ ಅಂಬಲಿರಿ, ಒಂದ ಹೊತ್ತ. ಮೊನ್ನಿ ಅದೂ ಇದ್ದಿಲ್ಲ..." ಎಂದು ಹೇಳುತ್ತಲೇ ಹೋದಳು. ಮಗಳಿಗೆ ಸಜ್ಜೆ ರೊಟ್ಟಿ ಸೇರುತ್ತಿದ್ದುದನ್ನೂ ಹೇಳಿದಳು.

ಗೌಡ ನಕ್ಕ. "ಸಾಹೇಬ್ರೆ, ಇಕಿ ನಮ್ಮ ವಾಡೇದಾಕಿ. ಬೀಸೋದೂ ನಮ್ಮಲ್ಲೇ, ಉಣ್ಣೋದೂ ನಮ್ಮಲ್ಲೇ. ಬ್ಯಾರೆ ಮನಿ ಅಂತ ಬರಿಬ್ಯಾಡ್ರಿ. ನಮ್ಮೂರಾಗ ಹಸದಾವ್ರು ಯಾರೂ ಇಲ್ಲ."

ಖಾಜಾನ ಮಧ್ಯಾಹ್ನದ ಊಟ ವಾಡೆಯಲ್ಲೇ ಇತ್ತು. ಅವನು ತಲೆ ತಗ್ಗಿಸಿ ಬರೆದ.

"ಏನ್ ಬರದ್ರಿ? ಓದಿ ಹೇಳ್ರಿ." ನಿಂಬೆವ್ವ ಕೇಳಿದಳು.

"ಗೌಡ್ರ ಮನಿ. ಮಂದಿ ಹನ್ನೆರಡು. ಎರಡ ಹೊತ್ತ ಊಟ. ನೀ ಹನ್ನೆರಡನೇದಾಕಿ."

"ನನ್ನ ಗಂಡ ಸತ್ತಾಗ ಹನ್ನೆರಡನೇದಾಕಿ ಆಗಿದ್ದಿಲ್ಲೇನ್ರಿ ಗೌಡ್ರೆ? ಬ್ಯಾನಿ ಹತ್ತತದಂತ ಬಾಗಲ ಹಾಕೊಂಡ್ರಿ."

"ನಡಿಯಬೇ!" ಗೌಡ ಗದರಿದ.

ನಿಂಬೆವ್ವ ಹಿಂದೆ ತಿರುಗಿ ನೋಡಿದಳು. ಸಾಲಿನಲ್ಲಿದ್ದ ಪಕ್ಕದ ಮನೆಯ ಖುರ್ಷಿದ ನೆಲ ನೋಡಿದಳು. ಅವಳೂ ವಾಡೆಗೆ ಬೀಸುವವಳೇ. ಸೋವಿ ಜೋಳ ಮನೆಗೆ ಬಂದರೆ ಬೊಗಸೆ ನುಚ್ಚಿಗೆ ಬೀಸಲು ಯಾರು ಹೋಗುತ್ತಾರೆ? ಗೌಡನ ಲೆಕ್ಕ ನಿಂಬೆವ್ವನಿಗೆ ಆಗ ತಿಳಿಯಿತು.

ಮರುದಿನ ಅವಳು ಬೀಸಲು ಹೋಗಲಿಲ್ಲ. ಮಧ್ಯಾಹ್ನ ನೆಟ್ಟಗೆ ವಾಡೆಯ ಪಡಸಾಲೆಗೆ ನಡೆದಳು. ಮನೆಯವರು ಉಣ್ಣಲು ಕೂತಿದ್ದರು. ಸಾಲಿನ ಕೊನೆಗೆ ಹೋಗಿ ಕೂತಳು.

"ನೀಡ್ರಿ," ಎಂದಳು. "ಹನ್ನೆರಡನೇದಾಕಿ ಬಂದೇನಿ."

ಗೌಡತಿ ಸುಂದರಬಾಯಿಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಏಳಬೇ ಮ್ಯಾಲ!" ಗೌಡ ಕೂಗಿದ.

"ಸರಕಾರದ ಕಾಗದದಾಗ ಐತ್ರಿ. ನೀವೇ ಬರಸೀರಿ."

ಗೌಡ ತಾಟು ಸರಿಸಿ ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಒಳಗೆ ಹೋದರು. ಅಷ್ಟು ದೊಡ್ಡ ಪಡಸಾಲೆಯಲ್ಲಿ ನಿಂಬೆವ್ವ ಒಬ್ಬಳೇ ಉಳಿದಳು. ಆದರೂ ಏಳಲಿಲ್ಲ.

ಒಳಗಿನಿಂದ ಸುಂದರಬಾಯಿಯ ದನಿ ಕೇಳಿಸಿತು. "ಒಂದ ರೊಟ್ಟಿ ಕೊಟ್ಟ ಕಳಸೂಣೇನ್ರಿ?"

"ಇವತ್ತ ಇಕಿಗಿ ಕೊಟ್ಟರ ನಾಳಿ ಇಡೀ ಊರ ಬಂದ ಕುಂದರ್ತದ."

ಆ ಮಾತು ನಿಂಬೆವ್ವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವಳು ತುಸು ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿ ಕೂತಳು.