ಫೀಬಲ್ ಅಂದ್ರ

ಉಳವಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದ ಅಯ್ಯನವರ ಕೈಯನ್ನೇ ಇಂದ್ರವ್ವ ದಿಟ್ಟಿಸುತ್ತಿದ್ದಳು. ಗೋಡೆಗೆ ಆನಿಸಿ ಕೂರಿಸಿದ್ದ ಗಂಡನ ಮೂಗಿನ ಹೊಳ್ಳೆ ಈಗ ಅಲುಗಿತೇ? ಇಲ್ಲ. ಅಲುಗಿತೇನೋ! ನಸುಕಿನಲ್ಲಿ ಜಳಕ ಮಾಡಿಸುವಾಗ ಕಂಕುಳು ಇನ್ನೂ ಬೆಚ್ಚಗಿತ್ತು. ಆಗಿನಿಂದ ಅವಳ ಜೀವದಲ್ಲಿ ಜೀವ ಇರಲಿಲ್ಲ.

ನಿನ್ನೆ ಸಂಜೆ ಡಾಕ್ಟರು ಮಣಿಕಟ್ಟು ಹಿಡಿದು, "ಪಲ್ಸ್ ಫೀಬಲ್ ಐತಿ" ಎಂದು ಹೇಳಿ ಹೋಗಿದ್ದರು. ಆಮೇಲೆ ಅವರು ಬರಲೇ ಇಲ್ಲ. ಜೀವ ಹೋಯಿತು ಎಂದು ಹೇಳಿದವನು ಮಗ ವಿರೂಪಾಕ್ಷ. ಅವನೇನು ಡಾಕ್ಟರೇ?

ಪಕ್ಕದ ಮನೆಯ ಸುಭಾಸ ಮಾಸ್ತರರು ಹೂಮಾಲೆ ಹಾಕಿ ತಿರುಗಿದರು.

"ಮಾಸ್ತರ, ಫೀಬಲ್ ಅಂದ್ರೇನ್ರೀ?"

"ಅಶಕ್ತ ಅಂತ್ರಿ ಅಕ್ಕಾರ. ವಯಸ್ಸಾದವರ ಕೈಕಾಲಿಗೂ ಅಂತಾರ, ಸಣ್ಣ ದನಿಗೂ ಅಂತಾರ."

"ನಾಡಿಗಂದ್ರ?"

"ಕೈಗೆ ಹತ್ತೂದಿಲ್ಲ ಅನ್ನೂವಷ್ಟು ಸಣ್ಣಗ ಬಡ್ಯಾಕ ಹತ್ತೇತಿ ಅಂತ."

"ಬಡ್ಯಾಕ ಹತ್ತೇತಿ ಅಂತನ ಹೌದಿಲ್ರಿ?"

"ಅದು ನಿನ್ನಿ ಮಾತ್ರೀ, ಅಕ್ಕಾರ."

*

ತೊರಗಲ್ಲಿನಲ್ಲಿ ಹುಡುಗನಿದ್ದಾಗ ಉಳವಪ್ಪನಿಗೆ ವಿಷಮಜ್ವರ ಬಂದು, ನಾಡಿ ಸಿಗದೆ, ಹೀಗೇ ಗೋಡೆಗೆ ಕೂರಿಸಿದ್ದರಂತೆ. ಹೂಳಲು ಕುಣಿಯೂ ತಯಾರಾಗಿತ್ತಂತೆ. ಬೆರಳು ಮಿಡುಕಿದ್ದು ಅಜ್ಜಿಯ ಕಣ್ಣಿಗೆ ಬೀಳದಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಆಮೇಲೆ ಆ ಮನುಷ್ಯ ಸವದತ್ತಿಗೆ ಬಂದು ಹಿಟ್ಟಿನ ಗಿರಣಿ ಹಾಕಿದ, ಊರಿಗೆಲ್ಲ ಜೋಳ ಬೀಸಿಕೊಟ್ಟ, ಹುಬ್ಬಿನ ತನಕ ಹಿಟ್ಟಾಗಿ ಹೆಂಗಸರಿಂದ ಚೇಷ್ಟೆ ಮಾಡಿಸಿಕೊಂಡು ನಕ್ಕ. ಆದರೆ ಕತ್ತಲಲ್ಲಿ ಮಾತ್ರ ಒಂದು ದಿನವೂ ಮಲಗಲಿಲ್ಲ. ಒಂದು ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದ್ದ:

"ಇಂದ್ರಾ, ಕುಣಿಗಿಳಿಸಿದ ಮ್ಯಾಲ ನನ್ನ ಎದಿಗೆ ಕಿವಿ ಹಚ್ಚಿ ನೋಡು. ಮಂದಿ ನಕ್ಕರ ನಗಲಿ. ಗಡಿಬಿಡಿ ಮಾಡಬ್ಯಾಡ."

"ಸುಡ್ಲಿ ನಿಮ್ಮ ಮಾತು!" ಎಂದು ಬೈದಿದ್ದಳು. ಅವನು ಮುಖ ನೋಡುತ್ತಲೇ ಇದ್ದ. "ಆತು, ನೋಡತೇನಿ. ಮಕ್ಕೋರಿ."

*

ಕುಣಿಯ ಗೂಡಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟಾಯಿತು. ಮೈಸುತ್ತ ತುಂಬುವ ಉಪ್ಪಿನ ಬುಟ್ಟಿ ಮುಂದೆ ಬಂತು.

"ತಡೀರಿ!"

"ಯವ್ವಾ, ಮಂದಿ ನೋಡಾಕ ಹತ್ತ್ಯಾರ," ಎಂದ ವಿರೂಪಾಕ್ಷ.

"ನೋಡಿದ್ರ ನೋಡಲಿ."

ಇಂದ್ರವ್ವ ಸೀರೆ ಎತ್ತಿಕಟ್ಟಿ ಇಳಿದಳು. ಬಡಿಯುತ್ತಿದ್ದರೆ ಏನು ಗತಿ? ಬಡಿಯದಿದ್ದರೆ? ಎರಡಕ್ಕೂ ಹೆದರಿಕೆಯೇ. ಕಣ್ಣು ಮುಚ್ಚಿ ಗಂಡನ ಎದೆಗೆ ಕಿವಿ ಹಚ್ಚಿದಳು.

ಧಡ್. ಧಡ್.

"ಬಡ್ಯಾಕ ಹತ್ತೇತಿ!" ಎಂದು ಚೀರಿದಳು.

ಮೇಲೆ ನಿಂತವರು ಹೌಹಾರಿ ಹಿಂದೆ ಸರಿದರು. ವಿರೂಪಾಕ್ಷ ಕುಣಿಗೆ ಧುಮುಕಿ, ಎದೆಯ ಇನ್ನೊಂದು ಬದಿಗೆ ತಾನೂ ಕಿವಿ ಹಚ್ಚಿದ. ಉಸಿರು ಬಿಗಿಹಿಡಿದು ಬಹಳ ಹೊತ್ತು ಕೇಳಿದ. ಆಮೇಲೆ ತಾಯಿಯನ್ನು ನೋಡಿ, ಇಲ್ಲವೆಂದು ತಲೆಯಾಡಿಸಿದ.

ಇಂದ್ರವ್ವ ಮೆಲ್ಲಗೆ ಕಿವಿ ತೆಗೆದಳು. ಸದ್ದು ನಿಲ್ಲಲಿಲ್ಲ, ತನ್ನ ಕಿವಿಯೊಳಗೇ ಬಡಿಯುತ್ತಿತ್ತು.