ಗಾಣದ ಬೀದಿಯ ಹಿತ್ತಿಲ ಬಾಗಿಲು

ಶಿರಾದ ಗಾಣದ ಬೀದಿಯಲ್ಲಿ ಗಾಣ ಇದ್ದದ್ದು ಯಾವ ಕಾಲದಲ್ಲೋ. ಈಗ ಅಲ್ಲಿರುವುದು ಒಂದಕ್ಕೊಂದು ಒತ್ತಿಕೊಂಡ ಮನೆಗಳು, ಕೊನೆಯಲ್ಲಿ ದಾರಿ ಮುಚ್ಚಿದ ಎತ್ತರದ ಗೋಡೆ. ಒಳಚರಂಡಿ ಪೈಪು ಹಾಕುತ್ತೇವೆಂದು ಜೆಸಿಬಿ ಬಂದದ್ದು ಬೇಸಿಗೆಯಲ್ಲಿ. ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳೇ ಆ ಬೀದಿಗೆ ಫುಟ್‌ಪಾತು. ಅವನ್ನೆಲ್ಲ ಕಿತ್ತು ಪೇರಿಸಿ, ಬೀದಿಯ ಬಾಯಿಂದ ಒಳತನಕ ಆಳುದ್ದ ಅಗೆದು, ಅರ್ಧ ಪೈಪು ಹೂತು ಹೊರಟುಹೋದರು. ಮಳೆಗಾಲ ಬಂತು, ಅವರು ಬರಲಿಲ್ಲ.

ಖಾಜಾಬಿ ಬಿದ್ದದ್ದು ಆ ಗುಂಡಿಗೇ. ಬೀದಿಯ ಕೊನೆಯ ಮನೆಯ ಮುದುಕಿ. ಹಾಲು ತರಲು ಹೋದವಳು, ದಾಟಲೆಂದು ಯಾರೋ ಅಡ್ಡ ಹಾಕಿದ್ದ ಚಪ್ಪಡಿಯ ಮೇಲೆ ಕಾಲಿಟ್ಟಳು, ಅದು ಮಗುಚಿಕೊಂಡಿತು. ಸೊಂಟದ ಮೂಳೆ ಮುರಿಯಿತು. ಸಕ್ಕರೆ ಕಾಯಿಲೆಯ ಮೈ ಆಪರೇಷನ್ ತಡೆಯುವುದಿಲ್ಲ ಅಂತ ಡಾಕ್ಟರು ಮನೆಗೆ ಕಳಿಸಿದರು. ಮಗ ಖಲೀಲ್ ತನ್ನ ಸೈಕಲ್ ಶಾಪಿನ ಬಾಗಿಲು ಹಾಕಿ ತಾಯಿಯ ಮಂಚದ ಪಕ್ಕ ಕೂತ.

ಅವರ ಗೋಡೆಗೆ ಗೋಡೆ ಹೊಂದಿಕೊಂಡ ಮನೆ ನಂದೀಶ್ವರಯ್ಯನವರದು. ಸುತ್ತಮುತ್ತಲ ಊರುಗಳಲ್ಲಿ ಮದುವೆ, ಗೃಹಪ್ರವೇಶ ಮಾಡಿಸುವ ಐನೋರು. ಖಾಜಾಬಿಯ ನರಳಾಟ ಗೋಡೆ ದಾಟಿ ಬರುತ್ತಿತ್ತು. ಲಿಂಗಪೂಜೆಗೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಎದ್ದು ಬಾಗಿಲಿಗೆ ಬರುವರು, ಗುಂಡಿಯಲ್ಲಿ ನಿಂತ ಹಸಿರು ನೀರು ನೋಡುವರು, ಒಳಗೆ ಹೋಗುವರು, ಮತ್ತೆ ಬರುವರು. ಹೆಂಡತಿ ಸರ್ವಮಂಗಳಾ ಮಾತ್ರ ಅನ್ನ, ಬೇಳೆಕಟ್ಟು ಹಿಡಿದು ಪಕ್ಕದ ಮನೆಗೆ ಹೋಗಿ ಬರುತ್ತಿದ್ದರು.

ಒಂದು ರಾತ್ರಿಯಿಡೀ ಮಳೆ ಸುರಿದು ನಿಂತ ಬೆಳಗ್ಗೆ ಆ ನರಳಾಟ ಕೇಳಿಸಲಿಲ್ಲ.

ಹತ್ತಿರದವರೆಲ್ಲ ಬಂದರು. ಸ್ನಾನ ಮಾಡಿಸಿ, ಕಫನ್ ಬಟ್ಟೆ ಸುತ್ತಿದ್ದಾಯಿತು. ಮಧ್ಯಾಹ್ನದ ನಮಾಜಿಗೆ ಮಸೀದಿ ಸೇರಬೇಕು. ಜನಾಜಾದ ಪೆಟ್ಟಿಗೆ ಎತ್ತುವ ಮುಂಚೆ ಖಲೀಲ್ ಬೀದಿ ನೋಡಲು ಹೊರಬಂದು ಹಾಗೇ ನಿಂತುಬಿಟ್ಟ. ಕೊನೆಯ ಎರಡು ಮನೆಗಳ ಮುಂದೆ ಬಿಟ್ಟರೆ ಗುಂಡಿಯ ಅಂಚೆಲ್ಲ ರಾತ್ರಿ ಕುಸಿದಿತ್ತು. ಒಬ್ಬರು ಗೋಡೆಗೆ ಬೆನ್ನು ಕೊಟ್ಟು ಜರುಗಬಹುದಾದಷ್ಟು ಕೆಸರು ಉಳಿದಿತ್ತು, ಅಷ್ಟೇ. ಶವಪೆಟ್ಟಿಗೆಯ ಎರಡೂ ಪಕ್ಕ ಹೆಗಲು ಕೊಟ್ಟು ನಡೆಯಲು ಜಾಗವೆಲ್ಲಿ?

"ಚಾದರದಲ್ಲಿ ಕಟ್ಕೊಂಡು ಒಬ್ರ ಕೈಯಿಂದ ಒಬ್ರು ದಾಟಿಸೋಣ," ಅಂದ ಒಬ್ಬ.

"ನಮ್ಮಮ್ಮನ್ನ ಮೂಟೆ ಥರ ದಾಟಿಸಾದು ಬ್ಯಾಡ ಕಣಯ್ಯಾ," ಅಂದ ಖಲೀಲ್. "ಜಾರಿದ್ರೆ? ಇನ್ನೊಂದು ಸಲ ಅದೇ ಗುಂಡಿಗೆ ಬೀಳ್ಬೇಕಾ ಅವಳು?"



ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದ ನಂದೀಶ್ವರಯ್ಯ ಒಳಗೆ ಹೋದರು, ನಡುಮನೆಯಲ್ಲಿ ಸುತ್ತು ಹಾಕಿದರು.

"ಏನ್ರೀ, ಕೂತ್ಕೋಬಾರ್ದಾ? ನಿಮ್ಮನ್ನ ನೋಡಿ ನಂಗೂ ಎದೆ ಹೊಡ್ಕೊಳ್ತೈತೆ," ಅಂದರು ಸರ್ವಮಂಗಳಾ.

"ಅಲ್ವೇ, ನಮ್ಮ ಹಿತ್ತಿಲ ಬಾಗಿಲು..." ಅಂದು ತಡೆದರು.

ಬೀದಿಯಲ್ಲಿ ಹಿಂದಿನಿಂದ ಬಸ್‌ಸ್ಟ್ಯಾಂಡ್ ರಸ್ತೆಗೆ ತೆರೆಯುವ ಮನೆ ಅವರದೊಂದೇ.

"ನಾನೂ ಬೆಳಗಿಂದ ಅದನ್ನೇ ಯೋಚಿಸ್ತಾ ಇದೀನಿ," ಅಂದರು ಆಕೆ.

"ಹೆಣ ಮನೆಯೊಳಗೆ ಹಾದು ಹೋಗೋದು ಅಂದ್ರೆ ಸುಮ್ನೇನಾ? ನಾಳೆ ಪುರವರದಲ್ಲಿ ಗೃಹಪ್ರವೇಶ ಒಪ್ಕೊಂಡಿದೀನಿ. ಜನ ಏನಂತಾರೆ?"

"ಲಿಂಗ ಕಟ್ಟಿದ ನಮಗೆ ಸೂತಕ ಇಲ್ಲ ಅಂತ ಊರೂರಲ್ಲಿ ಹೇಳ್ಕೊಂಡು ಬರೋರು ನೀವೇ ತಾನೇ? ಮನೇಲಿ ಮಾತ್ರ ಐತಾ?"

ನಂದೀಶ್ವರಯ್ಯ ಹೊರಬಂದರು. ಖಲೀಲನ ಹೆಗಲ ಮೇಲೆ ಕೈಯಿಟ್ಟು, "ನಮ್ಮನೆ ಒಳಗಿಂದ ತಗೊಂಡ್ ಬಾರಪ್ಪಾ. ಹಿತ್ತಿಲಿಂದ ಸೀದಾ ರೋಡು," ಅಂದರು.

"ಐನೋರೇ, ನಿಮ್ಮನೆ ಒಳಗಾ?"

"ಹೊತ್ತಾಗ್ತೈತೆ. ಎತ್ತಿ ಮೊದಲು."

ಎದುರು ಮನೆಯ ದಾಯಾದಿ ವೀರಭದ್ರಯ್ಯ ಓಡಿಬಂದ. "ಅಣ್ಣಾ, ತಲೆ ಕೆಟ್ಟೈತಾ ನಿಂಗೆ? ಬಾಳೋ ಮನೆ ಇದು!"

"ಗುಂಡಿ ಹಾರಿಸೋಕೆ ನಿನ್ನ ಹತ್ರ ದಾರಿ ಇದ್ರೆ ಹೇಳು," ಅಂದರು ನಂದೀಶ್ವರಯ್ಯ. ವೀರಭದ್ರಯ್ಯ ತಿರುಗಿ ತನ್ನ ಮನೆಗೆ ಹೋದ.

ಸರ್ವಮಂಗಳಾ ಬಾಗಿಲ ಪರದೆ ಕಿತ್ತು, ಕುರ್ಚಿಗಳನ್ನು ಕೋಣೆಗೆ ತಳ್ಳಿದರು. ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಡತೊಡಗಿದಾಗ, "ಬುಡಬ್ಯಾಡಿ, ಹಿತ್ತಿಲಲ್ಲಿ ಗಾಜಿನ ಚೂರು ಬಿದ್ದಾವೆ, ಹಂಗೇ ಬನ್ನಿ," ಅಂದರು. ಜನಾಜಾ ನಡುಮನೆ ದಾಟಿತು. ಅಡುಗೆಮನೆ ಪಕ್ಕದ ಓಣಿಯಂಥ ಜಾಗದಲ್ಲಿ ತಿರುಗಿಸಲಾಗದೆ ಸಿಕ್ಕಿಕೊಂಡಿತು. ಮುಂದಿದ್ದವನ ಹೆಗಲು ಗೋಡೆಗೆ ಒತ್ತಿ, ಶವಪೆಟ್ಟಿಗೆ ವಾಲಿತು. ನಂದೀಶ್ವರಯ್ಯ ಹಿಂದೆಮುಂದೆ ನೋಡದೆ ಕೆಳಗೆ ನುಗ್ಗಿ ತಮ್ಮ ಹೆಗಲು ಕೊಟ್ಟರು. ಹಾಗೇ ಹಿತ್ತಿಲು ದಾಟಿ, ರಸ್ತೆಗೆ ಇಳಿದು, ಇನ್ನೊಬ್ಬರು ಹೆಗಲು ಬದಲಿಸುವವರೆಗೂ ನಡೆದರು. ತಿರುಗಿ ಬಂದು ಕೋಣೆಯಿಂದ ಕುರ್ಚಿಗಳನ್ನು ನಡುಮನೆಗೆ ಎಳೆದು ಹಾಕಿದರು.

ಸಂಜೆ ಪುರವರದಿಂದ ಫೋನ್ ಬಂತು. "ಐನೋರೇ, ತಪ್ಪು ತಿಳ್ಕೋಬ್ಯಾಡಿ, ಬೇರೆಯವರನ್ನ ಕರೆದ್ಬುಟ್ಟಿದೀವಿ." ಇಷ್ಟು ಬೇಗ ಸುದ್ದಿ ಮುಟ್ಟಿಸಿದವರು ಯಾರೆಂದು ಕೇಳಬೇಕಿರಲಿಲ್ಲ. ಎದುರು ಮನೆಯ ಕಿಟಕಿ ಮುಚ್ಚಿತ್ತು.

"ಬ್ಯಾಡ ಅಂದ್ರೆ ಬುಡ್ಲಿ," ಅಂದರು ಸರ್ವಮಂಗಳಾ. ನಂದೀಶ್ವರಯ್ಯನವರಿಗೆ ಅಷ್ಟು ಸುಲಭವಾಗಿ ಬಿಡಲಾಗಲಿಲ್ಲ. ಊಟ ಸೇರಲಿಲ್ಲ, ಮಲಗಿದರೂ ಹೊರಳಾಡಿದರು. ಮಾಡಿದ್ದು ತಪ್ಪು ಅಂತ ಅನ್ನಿಸಲಿಲ್ಲ. ಆದರೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ.

ಮಾರನೆಯ ದಿನದಿಂದ ಇನ್ನೊಂದು ಶುರುವಾಯಿತು. ಗ್ಯಾಸ್ ಸಿಲಿಂಡರ್ ಹೊತ್ತವನು, "ಅಮ್ಮಾವ್ರೇ, ಹಿಂಗೇ ಹೋಗ್ಲಾ?" ಅಂತ ಹಿತ್ತಿಲಿಂದ ಬಂದ. ಆಮೇಲೆ ಸ್ಕೂಲಿನ ಮಕ್ಕಳು, ಕೋಲೂರುವ ಅಜ್ಜ, ಹಾಲಿನವಳು. ಮನೆಯೇ ಬೀದಿಯಾಯಿತು. ನೆಲದ ಕೆಸರು ಒರೆಸಿದಷ್ಟೂ ಬರುತ್ತಿತ್ತು. ಪೂಜೆಗೆ ಕೂತರೆ ಬೆನ್ನ ಹಿಂದೆಯೇ ಕಾಲ ಸಪ್ಪಳ. ಬೇಡ ಅನ್ನಲು ಬಾಯಿ ಬಾರದು, ಸಹಿಸಲೂ ಆಗದು. ಒಂದು ಮಧ್ಯಾಹ್ನ ಖಲೀಲನ ತುಂಬು ಬಸುರಿ ಹೆಂಡತಿ ಉಮ್ಮೆ ಹಾನಿ ನೋವಿನಿಂದ ಗೋಡೆ ಹಿಡಿದುಕೊಂಡು ಬಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಿತ್ತಿಲಲ್ಲಿ ಕಾಯುತ್ತಿದ್ದ ಆಟೋದತನಕ ಖಲೀಲನೊಂದಿಗೆ ಎತ್ತಿಕೊಂಡು ಹೋದವನು ವೀರಭದ್ರಯ್ಯ. ತಾನಾಗಿಯೇ ಬಂದಿದ್ದ. ಯಾರ ಮುಖವನ್ನೂ ನೋಡಲಿಲ್ಲ.

ಆಸ್ಪತ್ರೆಯಿಂದ ಹೆಣ್ಣುಮಗು ಅಂತ ಸುದ್ದಿ ಬಂದ ಮೇಲೆ ನಂದೀಶ್ವರಯ್ಯ ಶಲ್ಯ ಹೊದ್ದು ನಗರಸಭೆ ಕಚೇರಿಗೆ ಹೊರಟರು. ಬೀದಿಯವರೂ ಹಿಂದೆ ಬಂದರು. ಕಾಮಗಾರಿ ನೋಡಿಕೊಳ್ಳುವ ಸಾಹೇಬರು, "ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ, ನಾವೇನ್ ಮಾಡೋಣ?" ಅಂದರು.

"ಅವನು ಎತ್ತೋವರೆಗೂ ಇಲ್ಲೇ ಕೂತಿರ್ತೀವಿ. ನಮ್ಮನೇಲಂತೂ ಕೂರೋಕೆ ಜಾಗ ಇಲ್ಲ," ಅಂದು ನಂದೀಶ್ವರಯ್ಯ ಬಾಗಿಲಲ್ಲೇ ಕೂತರು. ಪಕ್ಕದಲ್ಲಿ ಖಲೀಲ್ ಕೂತ. ಸಂಜೆಯಾದರೂ ಏಳಲಿಲ್ಲ, ಮರುದಿನವೂ ಬಂದು ಕೂತರು. ಕೊನೆಗೆ ಜೆಸಿಬಿ ಬಂತು. ಉಳಿದ ಪೈಪು ಹೂತು, ಮಣ್ಣು ಮುಚ್ಚಿ, ಚಪ್ಪಡಿಗಳನ್ನು ಹೇಗೋ ಹೊಂದಿಸಿ ಹೋದರು. ಕೆಲವು ಈಗಲೂ ಅಲುಗಾಡುತ್ತವೆ. ಆದರೂ ಬೀದಿ ಬೀದಿಯಾಯಿತು, ಮನೆ ಮನೆಯಾಯಿತು.

ನಂದೀಶ್ವರಯ್ಯನವರಿಗೆ ಮಾತ್ರ ಮೊದಲಿನ ನೆಮ್ಮದಿ ಬರಲಿಲ್ಲ. ನಡೆಯುವಾಗ ಕಣ್ಣು ನೆಲದ ಮೇಲೇ. ಒಂದು ಬೆಳಗ್ಗೆ ಪಕ್ಕದ ಬೀದಿಯಲ್ಲಿ ಗುಡುಗುಡು ಸದ್ದು ಕೇಳಿ ಹೋದರೆ, ಅದೇ ಹಳದಿ ಯಂತ್ರ ಅಲ್ಲಿನ ಚಪ್ಪಡಿ ಕೀಳುತ್ತಿದೆ. ಅವರು ಹೋಗಿ ಅದರ ಮುಂದೆ ನಿಂತರು.

"ಏನ್ ಸ್ವಾಮಿ, ಪಕ್ಕಕ್ಕೆ ಬನ್ನಿ!" ಡ್ರೈವರ್ ಕೂಗಿದ.

"ಬರ್ತೀನಪ್ಪಾ. ಈ ಜನ ಎಲ್ಲಿ ನಡೀಬೇಕು? ಮೊದಲು ದಾರಿ ಮಾಡಿ, ಆಮೇಲೆ ಅಗೀರಿ."

ಗಲಾಟೆ ಕೇಳಿ ಖಲೀಲ್ ಸೈಕಲ್ ಶಾಪಿನಿಂದ ಕೈಗೆ ಅಂಟಿದ ಗ್ರೀಸ್ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತ. ಡ್ರೈವರ್ ಯಾರಿಗೋ ಫೋನ್ ಮಾಡಿದ, ಬೈದ, ಬೈಸಿಕೊಂಡ. ಬಿಸಿಲೇರಿದ ಮೇಲೆ ಒಂದು ಟ್ರ್ಯಾಕ್ಟರಿನಲ್ಲಿ ಅಗಲವಾದ ಹಲಗೆಗಳೂ ಹಿಡಿದು ನಡೆಯಲು ಸರ್ವೆ ಮರದ ಗಳುಗಳೂ ಬಂದಿಳಿದವು. ಹಲಗೆ ಹಾಕಿ, ಗಳು ಬಿಗಿದು ಮುಗಿಸುವ ತನಕ ಇಬ್ಬರೂ ಅಲ್ಲಿಂದ ಕದಲಲಿಲ್ಲ.